ಸಾರದೆ ಬಿಟ್ಟ ಓಣಿ

ಮೊನ್ನೆ ನನ್ನ ಮೊಮ್ಮಗಳಿಗೆ ಹೆಸರಿಟ್ಟರು. ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು, ಉಳಿದ ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಸರಿಯಾಗಿ ಗುದ್ದಿದರು, ತೊಟ್ಟಿಲು ತೂಗಿದರು. ಅಷ್ಟಾದ ಮೇಲೆ ನನ್ನ ಮಗ ನನ್ನ ಕಡೆ ತಿರುಗಿ, "ಅಪ್ಪಾ, ಊರಮಂದಿ ಸುದ್ದಿ ಎಲ್ಲಾ ನೀನ ಸಾರಿದಿ. ನಮ್ಮನಿ ಸುದ್ದಿನೂ ಒಂದ್ ಸಲ ಸಾರಿಬಿಡು" ಎಂದ. ನನಗೂ ಅಷ್ಟೇ ಬೇಕಾಗಿತ್ತು. ಹೊಸ್ತಿಲ ಹೊರಗೆ ನಿಂತು, ಎಡಗೈ ಕಿವಿಗೆ ಹಚ್ಚಿ, ಕೆಲಸ ಬಿಟ್ಟ ಮೇಲೆ ಒಮ್ಮೆಯೂ ತೆಗೆಯದ ದನಿ ತೆಗೆದು ಮೂರು ಸಲ ಕೂಗಿದೆ. ಎದುರುಮನೆಯ ಮುದುಕಿ ಗಾಬರಿಯಾಗಿ ಹೊರಗೆ ಬಂದು, "ಏನ್ರಿ, ಮತ್ತ ಮನಿಪಟ್ಟಿ ಏರಿಸ್ಯಾರೇನು?" ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ನಗುವೂ ಅಳುವೂ ಕೂಡಿಯೇ ಬಂತು. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಕೂಸಿಗೆ ದೃಷ್ಟಿಯಾದೀತು. ಬೆರಳು ಕೊಟ್ಟರೆ ಹಿಡಿದವಳು ಬಿಡುವುದೇ ಇಲ್ಲ, ಅಷ್ಟು ಹೇಳುತ್ತೇನೆ.

ಸಂಜೆ ಊಟಕ್ಕೆ ಕೂತಾಗ ಬೀಗರು ನಗೆಯಾಡಿದರು: "ಬೀಗರ, ನೀವು ಸಾರದ ಹುಕುಂ ಯಾವುದರ ಉಳದೈತೇನ್ರಿ ಈ ಊರಾಗ?" ನಾನು, "ಒಂದೂ ಉಳದಿಲ್ರಿ" ಎಂದೆ. ತಲೆ ತಗ್ಗಿಸಿ ಹೋಳಿಗೆ ಮುರಿದೆ. ಯಾಕೆಂದರೆ ಹಿಂದೊಮ್ಮೆ ಒಂದು ಓಣಿ ಉಳಿದಿತ್ತು. ಇಷ್ಟು ವರ್ಷ ಅದನ್ನು ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಮನಸ್ಸು ತುಂಬಿ ಚೆಲ್ಲುತ್ತಿರುವ ಈ ಹೊತ್ತಿನಲ್ಲಿ ಬರೆಯದಿದ್ದರೆ ಮುಂದೆಂದೂ ಬರೆಯಲಾರೆ.

ನಾನು ಕನ್ನಡ ಮೂರನೇ ಇಯತ್ತೆ ಓದಿದವನು. ಮುನಸಿಪಾಲ್ಟಿಯಲ್ಲಿ ಡಂಗುರದ ಶಿಪಾಯಿಯಾಗಿದ್ದೆ, ತಲೆಗೆ ಪಗಡಿ, ಎದೆಗೆ ಹಿತ್ತಾಳೆಯ ಬಿಲ್ಲೆ. ಹೊಸ ಹುಕುಂ ಏನೇ ಬರಲಿ, ಅದನ್ನು ಓಣಿ ಓಣಿಗೆ ಹೋಗಿ ಕೂಗಿ ಹೇಳುವುದು ನನ್ನ ಕೆಲಸ. ಜೊತೆಗೆ ಹಲಗೆ ಬಾರಿಸಲು ನನಗಿಂತ ಹಿರಿಯನಾದ ಒಬ್ಬನಿದ್ದ. ಅವನನ್ನು ನಾನು ಕಾಕಾ ಎನ್ನುತ್ತಿದ್ದೆ. ಕೆಲಸದ ಕ್ರಮ ಹೀಗಿತ್ತು. ಹೆಡ್ ಕ್ಲಾರ್ಕರು ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡ ಮಾಡಿ ನನಗೆ ಓದಿ ಹೇಳುವರು. ನಾನು ಅದನ್ನು ಬಾಯಿಪಾಠ ಮಾಡುವೆ, ಯಾಕೆಂದರೆ ನಡೆಯುತ್ತ ಕಾಗದ ನೋಡಿ ಕೂಗಿದರೆ ದನಿ ನೆಲಕ್ಕೆ ಬೀಳುತ್ತದೆ, ಮುಂದೆ ಹೋಗುವುದಿಲ್ಲ. ಗೊತ್ತುಮಾಡಿದ ಜಾಗದಲ್ಲಿ ನಿಂತು ಕಾಕಾ ಮೂರು ಸಲ ಹಲಗೆ ಬಾರಿಸುವನು, ನಾನು ಮೂರು ಸಲ ಕೂಗುವೆ. ಒಂದು ಪ್ರತಿಯನ್ನು ಗೋಡೆಗೆ ಅಂಟಿಸಬೇಕು. ಕೊನೆಗೆ ಆ ಓಣಿಯ ಇಬ್ಬರ ಸಹಿಯನ್ನೋ ಹೆಬ್ಬೆಟ್ಟನ್ನೋ ಡಂಗುರದ ವಹಿಯಲ್ಲಿ ಪಡೆದು, ಅದರ ಕೆಳಗೆ ನನ್ನ ಸಹಿ. ಇಷ್ಟಾದರೆ ಆ ಓಣಿಗೆ ಹುಕುಂ ಮುಟ್ಟಿತು ಎಂದು ಅರ್ಥ.

ಆ ವರ್ಷ ಬಂದದ್ದು ಬಣ್ಣದವರ ಬೈಲಾ. ಹಳೇ ಹುಬ್ಬಳ್ಳಿಯ ಇಕ್ಕಟ್ಟು ಓಣಿಗಳಲ್ಲಿ ನೂಲಿಗೆ ಬಣ್ಣ ಹಾಕುವವರು ಕೆಲವರಿದ್ದರು. ಅವರ ಬಣ್ಣದ ನೀರು ಗಟಾರ ಹಿಡಿದು ಹೋಗಿ ಕುಡಿಯುವ ಬಾವಿಯ ಮಗ್ಗುಲಲ್ಲೇ ನಿಲ್ಲುತ್ತಿತ್ತು. ಬಾವಿಯ ನೀರು ಕೂಡ ತುಸು ನೀಲಿಯಾಗಿದೆ ಎಂದು ಹೆಂಗಸರು ಕೊಡ ಹಿಡಿದು ಆಫೀಸಿಗೇ ಬಂದಿದ್ದರು. ಆ ಮಾತು ಸುಳ್ಳಲ್ಲ. ಆ ನೀರನ್ನು ನಾನೂ ಕಂಡಿದ್ದೇನೆ. ಆದ್ದರಿಂದ ಬೈಲಾ ಆಯಿತು: ವಸತಿಯ ಓಣಿಯಲ್ಲಿ ಬಣ್ಣದ ಗುಡಾಣ ಇಡಬಾರದು. ಆಯಾ ಓಣಿಯಲ್ಲಿ ಡಂಗುರ ಸಾರಿದ ದಿನದಿಂದ ಎರಡು ತಿಂಗಳೊಳಗೆ ಊರ ಹೊರಗಿನ ಜಾಗಕ್ಕೆ ಒಯ್ಯಬೇಕು. ಒಯ್ಯದಿದ್ದರೆ ದಂಡ, ಮತ್ತು ಗುಡಾಣ ಒಡೆದು ಮಣ್ಣು ಮುಚ್ಚುವುದು.

ಬಾಯಿಪಾಠ ಮಾಡುವಾಗ ನಾನು ಹೆಡ್ ಕ್ಲಾರ್ಕರಿಗೆ ಕೇಳಿದೆ: "ರಾಯರ, ಬೈಲಾ ಅಂದ್ರ ಕಾಯ್ದೇನರಿ? ಹುಕುಮರಿ?"

ಅವರು ಧಾರವಾಡದ ಕಡೆಯವರು, ಮಾತು ಬಹಳ ನಾಜೂಕು. ತಂಬಾಕಿನ ಚೀಲ ಪಕ್ಕಕ್ಕಿಟ್ಟು ಹೇಳಿದರು: "ಕೇಳಿಲ್ಲಿ. ವಿಲಾಯತಿಯೊಳಗ ಪಾರ್ಲಿಮೆಂಟ್ ಅದ. ಅದು ಮುಂಬಯಿ ಕೌನ್ಸಿಲಿಗೆ ಕಾಯ್ದೆ ಮಾಡ್ಲಿಕ್ಕೆ ಅಧಿಕಾರ ಕೊಡ್ತದ. ಕೌನ್ಸಿಲು ಮಾಡಿದ ಕಾಯ್ದೆ ನಮ್ಮ ಮುನಸಿಪಾಲ್ಟಿಗೆ ಬೈಲಾ ಮಾಡ್ಲಿಕ್ಕೆ ಅಧಿಕಾರ ಕೊಡ್ತದ. ಬೈಲಾ ನೋಡಿ ಸಾಹೇಬರು ಹುಕುಂ ಬರೀತಾರ. ಕೆಳಗಿಂದು ಮ್ಯಾಲಿಂದನ್ನ ದಾಟೋಹಂಗಿಲ್ಲ. ತಿಳೀತೇನು?"

"ತಿಳೀತ್ರಿ. ಎಲ್ಲಾರಕಿಂತ ಕೆಳಗ ನಾ ಅದೇನಿ."

"ನೀ ಕೆಳಗಲ್ಲೋ ಮಾರಾಯಾ, ಕಡೀಕ ಇದ್ದಿ. ನಿನ್ನ ಬಾಯಿಂದ ಹೊರಗ ಬೀಳೋ ತನಕ ಇವೆಲ್ಲಾ ಬರೇ ಕಾಗದ."

ಅಂದು ಆ ಮಾತಿಗೆ ನಾನು ಹಿಗ್ಗಿದೆ. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ. ಅವಳು, "ಹಂಗಾದ್ರ ಮುಂಬಯಿ ಸರ್ಕಾರಕ್ಕ ಬೆಲ್ಲದ ನೀರು ಕೊಡ್ಲೇನು, ಗಂಟಲಾ ಆರೀತು?" ಎಂದು ಚುಡಾಯಿಸಿದಳು.

ಡಂಗುರದ ದಿನ ಪಟ್ಟಿಯಲ್ಲಿ ಹನ್ನೊಂದು ಜಾಗ ಇದ್ದವು. ಸೂರ್ಯ ಏರುವ ಮೊದಲೇ ಹೊರಟೆವು. ಎಂಟು ಜಾಗ ಸರಿಯಾಗಿ ಮುಗಿದವು. ಒಂಬತ್ತನೆಯದು ನೀಲಿ ಹಾಕುವವರ ಓಣಿ. ಓಣಿಯ ಬಾಯಿಗೆ ಬಂದಾಗ ಒಂದು ಮನೆಯ ಮುಂದೆ ಜನ ನಿಂತಿದ್ದರು. ಒಳಗಿಂದ ಭಜನೆ ಕೇಳಿಸುತ್ತಿತ್ತು. ನೀಲಗಾರನೊಬ್ಬ ಬೆಳಗಿನ ಜಾವ ಎದೆನೋವಿನಿಂದ ಹೋಗಿಬಿಟ್ಟಿದ್ದ. ಅವರ ಪದ್ಧತಿಯಂತೆ ಹೆಣವನ್ನು ಪಡಸಾಲೆಯಲ್ಲಿ ಕೂಡಿಸಿ, ಹೂ ಹಾಕಿ, ವಿಭೂತಿ ಹಚ್ಚಿದ್ದರು. ಬೀದಿಯಿಂದಲೇ ಕಾಣುತ್ತಿತ್ತು.

ಕಾಕಾ ಹಲಗೆಯನ್ನು ಬೆನ್ನಿಗೆ ತಿರುಗಿಸಿಬಿಟ್ಟ. "ತಮ್ಮಾ, ಇಲ್ಲಿ ಆಗೂದಿಲ್ಲ."

"ಒಂದ್ ಸಲ ಸಣ್ಣಗ ಬಾರಿಸು ಕಾಕಾ. ಓಣಿ ಬಾಯಾಗ ನಿಂತು ಕೂಗಿಬಿಡತೇನಿ."

"ಹೆಣದ ಮುಂದ ಬಾರಿಸೂ ಹಲಗಿನ ಬ್ಯಾರೆ, ಸರ್ಕಾರದ್ದ ಬ್ಯಾರೆ. ಎರಡೂ ಕೂಡಿಸಿದ್ರ ನಮ್ಮಪ್ಪ ಮಣ್ಣಾಗಿಂದ ಎದ್ದ ಬರತಾನ. ಹೆಣ ಎತ್ತೂ ತನಕ ಈ ಓಣಿಗೆ ಯಾವ ಡಂಗುರಾನೂ ಇಲ್ಲ. ನೀ ಬೇಕಾದ್ರ ನನ್ನ ಕೈ ಕಡಿ."

ಅವನು ಹೇಳಿದ್ದು ಹೊಸದಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಯಾರೂ ಮುರಿಯುವುದಿಲ್ಲ. ನಾನೂ ಹೂಂ ಎಂದೆ. ನಾವು ಉಳಿದೆರಡು ಜಾಗಕ್ಕೆ ಹೋದೆವು.

ತಪ್ಪು ಆದದ್ದು ಆಮೇಲೆ. ಡಂಗುರ ಮುಗಿದ ವರದಿ ಅಂದೇ ಸಂಜೆಯ ಟಪಾಲಿಗೆ ಮೇಲಿನ ಆಫೀಸಿಗೆ ಹೋಗಬೇಕಿತ್ತು. ಒಂದು ಜಾಗ ಬಿಟ್ಟಿದೆ ಎಂದರೆ ವರದಿ ನಿಲ್ಲುತ್ತದೆ, ಯಾಕೆ ಬಿಟ್ಟಿತು ಎಂದು ಜಾಬು, ಅಂದರೆ ಕೇಳುವ ಕಾಗದ, ಬರುತ್ತದೆ, ಜಾಬಿಗೆ ಜವಾಬು ಬರೆಯಬೇಕು. ಊರ ಅಗಸಿ ಬಾಗಿಲಿನ ಕಟ್ಟೆಯ ಮೇಲೆ ಇಬ್ಬರು ಪರಿಚಯದವರು ಕೂತಿದ್ದರು. ವಹಿ ಮುಂದೆ ಹಿಡಿದೆ. ಯಾವ ಓಣಿ, ಏನು ಎಂದು ಕೇಳದೆ ಹೆಬ್ಬೆಟ್ಟು ಒತ್ತಿದರು. ಕೆಳಗೆ ನಾನು ಸಹಿ ಮಾಡಿದೆ. ಹೆಣ ಮಣ್ಣಾದ ಮರುದಿನವೇ ಬಂದು ಸಾರಿದರಾಯಿತು, ಒಂದು ದಿನದ ಹೆಚ್ಚುಕಡಿಮೆ ಯಾರು ನೋಡುತ್ತಾರೆ ಎಂದುಕೊಂಡೆ. ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅದನ್ನು ಈಗಲೂ ಹೇಳುತ್ತೇನೆ, ಹೇಳಿದರೆ ಉಪಯೋಗವಿಲ್ಲ ಎಂದು ಗೊತ್ತಿದ್ದರೂ.

ಮರುದಿನ ಮನೆಪಟ್ಟಿ ವಸೂಲಿಯ ಡಂಗುರ ಬಂತು. ಅದರ ಮರುದಿನ ಹುಚ್ಚುನಾಯಿಯದು. ಆಮೇಲೆ ಸಂತೆಯ ಜಾಗ ಬದಲಾದದ್ದು. ಒಂದು ಸಲ ಆ ಓಣಿಯ ಬಾಯಿಗೆ ಹೋಗಿ ನಿಂತೆ ಕೂಡ. ಕಾಕಾ ಜೊತೆಗಿರಲಿಲ್ಲ. ಇಷ್ಟು ದಿನದಲ್ಲಿ ಸುದ್ದಿ ತಾನಾಗಿಯೇ ಮುಟ್ಟಿರಬೇಕು ಎಂದು ತಿರುಗಿ ಬಂದೆ.

(ಇಲ್ಲಿಗೆ ಬರೆದಾಗ ಕೂಸು ಎದ್ದು ಅತ್ತಳು. ಹೋಗಿ ಎತ್ತಿಕೊಂಡೆ. ಬಾಣಂತಿಯ ಕೈಯಲ್ಲಿ ಸುಮ್ಮನಾಗದವಳು ನನ್ನ ಹೆಗಲ ಮೇಲೆ ಸುಮ್ಮನಾದಳು ನೋಡಿ! ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದೇನೆ. ಸರಿ, ಮುಂದಕ್ಕೆ ಹೋಗುತ್ತೇನೆ.)

ಐದಾರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಆಫೀಸಿನ ಕಟ್ಟೆಗೆ ಬಂದಳು. ನನಗಿಂತ ತುಸು ಹಿರಿಯಳು, ಬೋಳು ಹಣೆ, ಕೈಯಲ್ಲಿ ಕೋರ್ಟಿನ ಸಮನ್ಸು. ಆ ದಿನ ಹೆಣವಾಗಿ ಕೂತಿದ್ದವನ ಹೆಂಡತಿ. ಗಂಡ ಹೋದ ಮೇಲೆ ನೀಲಿಯ ಕೆಲಸವನ್ನು ಅವಳೇ ಮುಂದುವರಿಸಿದ್ದಳು. ಆರೋಗ್ಯ ಇನ್ಸ್‌ಪೆಕ್ಟರರು ಅವಳ ಅಂಗಳಕ್ಕೆ ಬಂದು ಗುಡಾಣ ಕಂಡು ಕೇಸು ಹಾಕಿದ್ದರು.

"ಅಣ್ಣಾ, ಡಂಗುರಾ ಸಾರಾವ್ರು ನೀವ ಏನ್ರಿ?"

"ಹೌದ್ರಿ ಅಕ್ಕಾರ."

"ಇದರಾಗ ನಮ್ಮ ಓಣ್ಯಾಗ ಸಾರಿದ ದಿನಾ ಬರದಾರಂತ. ವಕೀಲ್ರು ಓದಿ ಹೇಳಿದ್ರು." ಅವಳು ತಿಥಿ ಹೇಳಿದಳು, ವಾರ ಹೇಳಿದಳು. "ಆ ದಿನಾ ನನ್ನ ಗಂಡನ್ನ ಪಡಸಾಲ್ಯಾಗ ಕೂಡಿಸಿದ್ವಿ. ನಾ ಅವರ ಕಾಲ ಹಿಡಕೊಂಡ ಕುಂತಿದ್ದೆ. ಆ ಹೊತ್ತಿನ್ಯಾಗ ಬಂದು ಹಲಗಿ ಬಾರಿಸಿದ್ರೇನ್ರಿ? ಖರೇ ಹೇಳ್ರಿ. ನನಗ ಕೇಳಿಸಿಲ್ಲ. ದುಕ್ಕದಾಗ ಕಿವಿ ಮುಚ್ಚಿತ್ತೇನು ಅಂತ ನನಗ ನನ್ನ ಮ್ಯಾಲೆ ಸಂಶೆ ಬಂದೈತಿ."

ನಾನು, "ಸಾಹೇಬರು ಕರದಾರ" ಎಂದು ಒಳಗೆ ಹೋಗಿಬಿಟ್ಟೆ. ಯಾರೂ ಕರೆದಿರಲಿಲ್ಲ.

ಮರುದಿನ ನಾನೇ ಅವಳ ಮನೆಗೆ ಹೋದೆ. ಯಾಕೆ ಹೋದೆನೆಂದು ಕೇಳಬೇಡಿ. ಅವಳು ಕೂರಲು ಹೇಳದೆ ಸೀದಾ ಹಿತ್ತಲಿಗೆ ಕರೆದೊಯ್ದಳು. ನಾಲ್ಕು ಗುಡಾಣಗಳು ಕೊರಳವರೆಗೆ ನೆಲದಲ್ಲಿ ಹೂತಿದ್ದವು. ಅವುಗಳಲ್ಲಿ ಒಂದು ಅವಳ ಅತ್ತೆ ಮದುವಣಗಿತ್ತಿಯಾಗಿ ಬಂದಾಗ ಹೆಪ್ಪು ಹಾಕಿದ್ದು. ನೀಲಿ ಎಂದರೆ ಕುದಿಸಿ ಕದಡುವ ಬಣ್ಣವಲ್ಲ ಎಂದು ಅಂದೇ ನನಗೆ ತಿಳಿದದ್ದು. ಅದು ಮೊಸರಿನ ಹಾಗೆ ಜೀವ ಇರುವ ವಸ್ತು. ದಿನಾ ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ ಹಾಕಿ ಸಾಕಬೇಕು. ಚಳಿಗೆ ಸುತ್ತಲೂ ಗೊಬ್ಬರದ ಬಿಸಿ ಕೊಡಬೇಕು. ಮೂಗಿನಿಂದ ಅದರ ಆರೋಗ್ಯ ನೋಡಬೇಕು. ಹದ ತಪ್ಪಿತೋ, ಸತ್ತುಹೋಗುತ್ತದೆ.

"ಇದನ್ನ ಎತ್ತಿ ಒಯ್ರಿ ಅಂತಾರ. ಬೇರು ಬಿಟ್ಟ ಗಿಡಾ ಕಿತ್ತಿ ಒಯ್ರಿ ಅಂದಂಗಾತು," ಎಂದಳು. "ಒಡದ ಮಣ್ಣ ಮುಚ್ಚಿದ್ರ ನಾ ಯಾರ ಮನ್ಯಾಗ ಮುಸರಿ ತಿಕ್ಕಲಿ, ಹೇಳ್ರಿ?"

ಸಾರಿಲ್ಲ ಎಂದು ಅಲ್ಲಿಯೂ ಹೇಳಲಿಲ್ಲ. ಹೇಡಿ. ಎದ್ದು ಬಂದೆ.

ಹೆಡ್ ಕ್ಲಾರ್ಕರ ಮುಂದೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ವಹಿ ತೆರೆದು ಆ ಪುಟ ನೋಡಿದರು. "ಸಾಕ್ಷಿಗೆ ನಿನ್ನ ಕರದಾರ. ಸುಳ್ಳು ಹೇಳು ಅಂತ ನಾ ಹೇಳೂದಿಲ್ಲ. ಖರೇ ಹೇಳು ಅಂತನೂ ಹೇಳೂದಿಲ್ಲ, ಯಾಕಂದ್ರ ನಿನ್ನ ಮನಿಯೊಳಗಿನ ಒಲಿ ನಾ ಹಚ್ಚಾವಲ್ಲ. ಇಷ್ಟ ತಿಳಕೋ. ಸುಳ್ಳು ಬರದಿ ಅಂತ ಸಾಬೀತಾದ್ರ ಬಿಲ್ಲೆ ಹೋಗ್ತದ, ಬ್ಯಾರೆ ಕೇಸೂ ಆದೀತು."

ಕಾಕಾನಿಗೆ ಹೇಳಿದಾಗ ಅವನು ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಹಲಗೆಯನ್ನು ಬಿಸಿಲಿಗೆ ಕಾಯಿಸುತ್ತ ಕೂತಿದ್ದ.

"ನನ್ನ ಮ್ಯಾಲೆ ಹಾಕು," ಎಂದ. "ಆ ಮುದುಕ ಬಾರಿಸಾಕ ಒಲ್ಲೆ ಅಂದಾ ಅನ್ನು. ನನ್ನ ಕಡೆಂದ ಏನ ಕಸಗೋತಾರ? ಬಿಲ್ಲೆ ಇಲ್ಲ, ಪಗಡಿ ಇಲ್ಲ. ಈ ಹಲಗಿ ಒಯ್ದ್ರ ಅವ್ರ ಬಾರಿಸ್ಲಿ, ಕೈ ಬಾತಾವು."

"ನೀ ಒಲ್ಲೆ ಅಂದದ್ದು ಒಂದ ದಿನಕ್ಕಷ್ಟ ಅಲ್ಲೇನು, ಕಾಕಾ?"

"ಒಂದ ದಿನಕ್ಕ."

"ಉಳಿದ ದಿನಾ?"

ಅವನು ಹಲಗೆಯನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿ, ಬಿಸಿಲಿಗೆ ಇನ್ನೊಂದು ಮಗ್ಗುಲು ತಿರುಗಿಸಿದ.

ಮನೆಯಲ್ಲಿ ಹೆಂಡತಿ ಬಹಳ ಕೇಳಲಿಲ್ಲ. ರೊಟ್ಟಿ ಬಡಿಯುತ್ತ, "ಆಕಿ ಗಂಡನ ಹೆಣದ ದಿನಾನ ನೀವು ಬರದೀರಿ. ಅದನ್ನ ಕೋರ್ಟಿನ್ಯಾಗ ಆಕಿ ಮುಂದ ನಿಂತು ಹೂಂ ಅಂತೀರೇನು?" ಎಂದಳು. ಅಷ್ಟೇ. ಮೂರು ಮಕ್ಕಳು ತಟ್ಟೆ ಹಿಡಿದು ಕೂತಿದ್ದವು. ಈಗ ಈ ಕೂಸಿನ ಅಪ್ಪನಾದವನು ಅದರಲ್ಲಿ ನಡುವಿನವನು.

ಕೇಸಿನ ದಿನ ಹುಬ್ಬಳ್ಳಿಯ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ನನ್ನ ಹೆಸರು ಕೂಗಿದರು. ಇನ್ನೊಬ್ಬರ ಬಾಯಿಂದ ನನ್ನ ಹೆಸರು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದೆ. ಆ ಹೆಂಗಸು ಎದುರಿಗೆ ಸೆರಗು ಹೊದ್ದು ನಿಂತಿದ್ದಳು. ಮುನಸಿಪಾಲ್ಟಿಯ ಪರವಾಗಿ ಬಂದ ವಕೀಲರು ವಹಿಯನ್ನು ನನ್ನ ಮುಂದಿಟ್ಟರು.

"ಈ ಸಹಿ ನಿಂದ ಏನು?"

"ನಂದರಿ."

"ಅಕ್ಷರ?"

"ನಂದರಿ."

"ಅಂದ್ರ ಇದರಾಗ ಬರದದ್ದು ಖರೇ."

ಆಗ ನಾನು ಅವರ ಮುಖ ನೋಡಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡೆ. "ಸಹಿ ಖರೇ ಐತ್ರಿ. ಬರದದ್ದು ಸುಳ್ಳ ಐತ್ರಿ. ಆ ಓಣ್ಯಾಗ ನಾ ಸಾರಿಲ್ರಿ."

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಮ್ಯಾಜಿಸ್ಟ್ರೇಟರು ಕೈ ಎತ್ತಿ ಸುಮ್ಮನಿರಿಸಿದರು. ವಯಸ್ಸಾದವರು, ಮಾತು ಮೆಲ್ಲಗೆ. ಯಾಕೆ ಸಾರಲಿಲ್ಲ ಎಂದು ಅವರೇ ಕೇಳಿದರು. ನಾನು ಹೆಣದ ಸಂಗತಿ ಹೇಳಿದೆ.

"ಹೆಣ ಇದ್ದ ಓಣಿಯೊಳಗ ಡಂಗುರ ಸಾರಬಾರದು ಅಂತ ಯಾವ ಕಾಯ್ದೆಯೊಳಗ ಅದ?"

"ಕಾಯ್ದೆಯೊಳಗ ಇಲ್ರಿ. ರಿವಾಜ ಐತ್ರಿ."

"ಯಾರು ಮಾಡಿದ್ದು?"

"ಗೊತ್ತಿಲ್ರಿ. ಅಜ್ಜ ಮುತ್ತಜ್ಜರಿಂದ ಯಾರೂ ಮುರದಿಲ್ರಿ."

ಅವರು ಏನೋ ಬರೆದುಕೊಂಡರು. "ಇರಲಿ. ಆ ರಿವಾಜು ಎಷ್ಟು ದಿನ ತಡೀತದ?"

"ಹೆಣ ಎತ್ತೂ ತನಕರಿ."

"ಯಾವಾಗ ಎತ್ತಿದರು?"

"ಅವತ್ತ ಸಂಜಿಗೆರಿ."

"ಹಂಗಾದ್ರ ಮರುದಿನ ನಿನ್ನ ತಡದದ್ದು ಯಾವ ರಿವಾಜು?"

ಊರೆಲ್ಲ ಕೇಳುವಂಥ ದನಿ ಇದ್ದವನು ನಾನು. ಆ ಪ್ರಶ್ನೆಯನ್ನು ಮಾತ್ರ ಇಂದಿಗೂ ಮೆಲ್ಲಗೆ ನನಗೆ ನಾನೇ ಕೇಳಿಕೊಳ್ಳುತ್ತೇನೆ.

ಆಮೇಲೆ ವಕೀಲರಿಬ್ಬರ ವಾದ ನಡೆಯಿತು. ಮುನಸಿಪಾಲ್ಟಿಯ ವಕೀಲರು ಬೈಲಾ ಸರ್ಕಾರದ ಗೆಜೆಟಿನಲ್ಲಿ ಅಚ್ಚಾಗಿದೆ, ಅಷ್ಟೇ ಸಾಕು, ಕಾಯ್ದೆ ಗೊತ್ತಿಲ್ಲ ಎಂದರೆ ನಡೆಯದು ಎಂದರು. ಅವಳ ವಕೀಲರು, ಗೆಜೆಟನ್ನು ಓಣಿಯ ಯಾವ ಹೆಂಗಸು ಓದುತ್ತಾಳೆ ಎಂದರು. ಮ್ಯಾಜಿಸ್ಟ್ರೇಟರು ಇಬ್ಬರ ಮಾತನ್ನೂ ಕೇಳಿ ಬೈಲಾದ ಕಾಗದವನ್ನೇ ಬೆರಳಿಟ್ಟು ಓದಿದರು. ಅವರು ಕೊಟ್ಟ ತೀರ್ಪನ್ನು ನನಗೆ ತಿಳಿದಷ್ಟು ಹೇಳುತ್ತೇನೆ: ರಿವಾಜು ದೊಡ್ಡದೋ ಬೈಲಾ ದೊಡ್ಡದೋ ಎಂಬ ಮಾತೇ ಇಲ್ಲಿ ಬೇಕಿಲ್ಲ. ಬೈಲಾಕ್ಕೆ ಬಲ ಬಂದದ್ದು ಮೇಲಿನ ಕಾಯ್ದೆಯಿಂದ. ಆ ಕಾಯ್ದೆ ಹೇಳಿದ ದಾರಿಯಲ್ಲೇ ಅದು ಜನರಿಗೆ ಮುಟ್ಟಬೇಕು. ಓಣಿಯಲ್ಲಿ ಸಾರಿದ ದಿನದಿಂದ ಎರಡು ತಿಂಗಳು ಎಂದು ಬೈಲಾ ತಾನೇ ಹೇಳಿದೆ. ಸಾರಿಲ್ಲ. ಅಂದ ಮೇಲೆ ಎರಡು ತಿಂಗಳು ಶುರುವೇ ಆಗಿಲ್ಲ. ಕೇಸು ವಜಾ.

ಅವಳು ಹೊರಗೆ ಬಂದು ಗೋಡೆಗೆ ಒರಗಿ ಕೂತುಬಿಟ್ಟಳು. ನಾನು ದೂರದಲ್ಲಿ ನಿಂತಿದ್ದೆ. ಅವಳು ನೋಡಿದಳು, ಕರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೇ ಹತ್ತಿರ ಹೋದೆ.

"ನನ್ನ ಕಿವಿ ಸರಿ ಇತ್ತು," ಎಂದಳು. ಅಷ್ಟೇ ಹೇಳಿದಳು. ಗೆದ್ದದ್ದಕ್ಕಿಂತ ಅದೇ ಅವಳಿಗೆ ದೊಡ್ಡದಾಗಿತ್ತೋ ಏನೋ.

ಆಫೀಸು ನನ್ನ ಮೇಲೆ ಕೇಸು ಹಾಕಲಿಲ್ಲ. ಬಿಲ್ಲೆ ತೆಗೆದುಕೊಂಡು ನಾಕಾದ, ಅಂದರೆ ಸುಂಕದ ಕಟ್ಟೆಯ, ಕಾವಲಿಗೆ ಹಾಕಿದರು. ಬಿಸಿಲಲ್ಲಿ ನಿಂತು ಗಾಡಿಗಳಿಗೆ ಅಡ್ಡಗಟ್ಟಿದ ಬಿದಿರು ಎತ್ತುವುದು, ಇಳಿಸುವುದು. ಇಷ್ಟಕ್ಕೇ ಮುಗಿಯಿತಲ್ಲ ಎಂದು ಮನೆಯಲ್ಲಿ ಸಮಾಧಾನಪಟ್ಟೆವು. ಹದಿನೈದು ದಿನವಾಗಿರಬೇಕು, ಹೆಡ್ ಕ್ಲಾರ್ಕರು ಕರೆಸಿದರು. ಮೇಜಿನ ಮೇಲೆ ನನ್ನ ಬಿಲ್ಲೆ ಇತ್ತು, ಪಕ್ಕದಲ್ಲಿ ಡಂಗುರದ ವಹಿ.

"ಇವತ್ತೊಂದ ದಿನ ಹಾಕ್ಕೋ," ಎಂದರು. "ಆ ಓಣಿ ನಿನ್ನ ಹೆಸರಿನ ಮ್ಯಾಲೆನ ಬಾಕಿ ಅದ."

ನಾನು ಅವರ ಕಾಲು ಹಿಡಿಯುವುದೊಂದು ಬಾಕಿ. "ಬ್ಯಾರೆದವರನ್ನ ಕಳಸ್ರಿ ರಾಯರ. ನನ್ನ ಬಾಯಿಲೆ ಬ್ಯಾಡ್ರಿ."

"ಕೋರ್ಟು ಬೈಲಾ ಸುಳ್ಳು ಅಂದಿಲ್ಲ. ಮುಟ್ಟಿಲ್ಲ ಅಂದದ. ಮುಟ್ಟಿಸೋದು ಯಾರ ಕೆಲಸ?" ಅವರು ನನ್ನ ಮುಖ ನೋಡದೆ ಹೇಳಿದರು. "ಆ ಬಾವಿ ನೀರು ಇವತ್ತಿಗೂ ನೀಲಿ ಅದನೋ. ಅದನ್ನೂ ಮಂದಿನ ಕುಡಿಯೋದು."

ಕಾಕಾ ಬಂದ. ಓಣಿಯ ಬಾಯಲ್ಲಿ ನಿಂತು ಅವನು ಒಳಗೆ ಇಣುಕಿ ನೋಡಿದ. ಯಾರ ಮನೆಯ ಮುಂದೆಯೂ ಜನ ಇರಲಿಲ್ಲ. ಇವತ್ತೂ ಒಂದು ಹೆಣ ಇರಬಾರದಿತ್ತೇ ಎಂದು ನನ್ನ ಪಾಪಿ ಮನಸ್ಸು ಬಯಸಿದ್ದನ್ನು ಮುಚ್ಚಿಡುವುದಿಲ್ಲ. ಅವನು ಮೂರು ಸಲ ಬಾರಿಸಿದ. ನಾನು ಮೂರು ಸಲ ಕೂಗಿದೆ. ಒಂದು ಅಕ್ಷರ ಬಿಡಲಿಲ್ಲ. ಎರಡು ತಿಂಗಳು ಎನ್ನುವುದನ್ನು ಬಿಡಿಸಿ ಬಿಡಿಸಿ ಹೇಳಿದೆ.

ಬಾಗಿಲು ಬಾಗಿಲಿಗೆ ಜನ ನಿಂತರು. ವಹಿ ಹಿಡಿದು ಹೋದರೆ ಒಬ್ಬರೂ ಹೆಬ್ಬೆಟ್ಟು ಕೊಡಲಿಲ್ಲ. "ಬ್ಯಾರೆ ಓಣ್ಯಾಗ ಒತ್ತಿಸ್ಕೊಂಡ ಬರ್ರಿ, ನಿಮಗ ರೂಢಿ ಐತಲ್ಲ," ಎಂದ ಒಬ್ಬ ಮುದುಕ. ಅವನ ಮಾತಿಗೆ ನಾನು ತಕ್ಕವನೇ.

ಅವಳು ಹಿತ್ತಲಿಂದ ಬಂದಳು. ಕೈಯಿಂದ ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. "ತಾ ಅಣ್ಣಾ, ನಾ ಒತ್ತತೇನಿ. ಈ ಸಲ ಕೇಳಿಸೈತಿ."

ನಾನು ಮಸಿಯ ಡಬ್ಬಿ ತೆರೆದೆ. ಅವಳಿಗೆ ಅದು ಬೇಕಾಗಲಿಲ್ಲ. ಒತ್ತಿದ ಹೆಬ್ಬೆರಳಿನ ಗೆರೆ ಗೆರೆಯೂ ನೀಲಿಯಾಗಿ ಕಾಗದದ ಮೇಲೆ ಮೂಡಿತು. ಆಮೇಲೆ ಆ ಮುದುಕನನ್ನು ಅವಳೇ ಕರೆದು ಒತ್ತಿಸಿದಳು.

ಎರಡು ತಿಂಗಳು ಮುಗಿಯುವ ಹೊತ್ತಿಗೆ, ಶಿರಗುಪ್ಪಿಯ ದಾರಿಗೆ ಹತ್ತಿ ಊರ ಹೊರಗೆ ಗೊತ್ತುಮಾಡಿಕೊಟ್ಟ ಎರೆಮಣ್ಣಿನ ಜಾಗದಲ್ಲಿ ಅವಳು ಹೊಸ ಗುಡಾಣ ಹೂಳಿಸಿದಳು. ಹಳೆಯದರಿಂದ ಒಂದು ಕೊಡ ಹೆಪ್ಪು ತೆಗೆದುಕೊಂಡು ಹೋಗಬೇಕಿತ್ತು. ನಾಕಾದಲ್ಲಿ ರಜೆ ಕೇಳಿ ನಾನು ಗಾಡಿ ತಂದೆ. ಅವಳು ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಕೊಡಕ್ಕೆ ಕಂಬಳಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟಳು. "ಕುಲುಕಬ್ಯಾಡ್ರಿ, ಆರಗೊಡಬ್ಯಾಡ್ರಿ." ಬಸುರಿಯನ್ನು ಕೂಡಿಸಿಕೊಂಡ ಹಾಗೆ ಗಾಡಿಯನ್ನು ನಡೆಸಿದೆವು. ಗಾಲಿ ಪ್ರತಿ ಕಲ್ಲಿಗೆ ಏರಿದಾಗಲೂ ಅವಳ ಉಸಿರು ನಿಲ್ಲುವುದು ನನಗೆ ಕೇಳಿಸುತ್ತಿತ್ತು.

ಹತ್ತು ಹನ್ನೆರಡು ದಿನ ಅವಳು ಅಲ್ಲೇ ಚಪ್ಪರದಲ್ಲಿದ್ದು ಅದಕ್ಕೆ ಸುಣ್ಣ, ಬೆಲ್ಲ, ತಗಚೆ ಹಾಕಿದಳು. ಮೊದಲ ಅದ್ದುವಿಕೆಯ ದಿನ ನಾನು ಹೋಗಿದ್ದೆ. ಮರವಿಲ್ಲದ ಬಯಲು, ಗಾಳಿ ಬಿಟ್ಟೂ ಬಿಡದೆ ಬೀಸುತ್ತಿತ್ತು. ಅವಳು ಬಗ್ಗಿ ಗುಡಾಣ ಮೂಸಿದಳು. ನೂಲಿನ ಲಡಿಯನ್ನು ಕೋಲಿಗೆ ಹಾಕಿ ಮುಳುಗಿಸಿದಳು, ತಿರುವಿದಳು, ಮೇಲೆತ್ತಿದಳು. ಹಳದಿ ಬೆರೆತ ಹಸಿರು ಬಣ್ಣ ಇತ್ತು.

"ಹಾಳಾತಲ್ಲ ಅಕ್ಕಾರ?" ಎಂದೆ.

"ಇಲ್ಲ, ಹಿಂಗ ಬರಬೇಕು. ಗಾಳಿ ಬಡದ ಮ್ಯಾಲೆ ನೀಲಿ ಏರತೈತಿ. ನೂರು ಎಣಸೂದ್ರಾಗ ಏರಬೇಕು, ಇಲ್ಲಾಂದ್ರ ಹೆಪ್ಪು ಸತ್ತಂಗ." ಲಡಿಯನ್ನು ಗಾಳಿಗೆ ಹಿಡಿದು ಅವಳು ಎಣಿಸತೊಡಗಿದಳು. ನಾನೂ ಮನಸ್ಸಿನಲ್ಲಿ ಜೊತೆಗೆ ಎಣಿಸಿದೆ. ಮೂವತ್ತಕ್ಕೆ ಹಸಿರು ಇಳಿಯಿತು. ಅರವತ್ತಕ್ಕೆ ಒಲೆಯ ಬೂದಿಯ ಬಣ್ಣವಾಯಿತು. ನೂರಾಯಿತು. ಬೂದಿಯಾಗಿಯೇ ಇತ್ತು.

ಅವಳು ಲಡಿಯನ್ನು ಕೆಳಗಿಳಿಸಲಿಲ್ಲ. ಕೈ ಬದಲಿಸಿ ಇನ್ನೂ ಸ್ವಲ್ಪ ಮೇಲೆ ಹಿಡಿದಳು, ಗಾಳಿ ಚೆನ್ನಾಗಿ ತಾಗಲಿ ಎಂದು. ಆಮೇಲೆ ಮತ್ತೆ ಒಂದರಿಂದ ಎಣಿಸಲು ಹಿಡಿದಳು. ನಾನೂ ಎಣಿಸಿದೆ.